ರೊಟ್ಟಿ ಬುಟ್ಟಿಯ ಜ್ವರ

ಆ ವರ್ಷ ಗದಗಿನಿಂದ ದಕ್ಷಿಣ ಧ್ರುವದ ಹಿಮಕ್ಕೆ ದಿನವೂ ಒಂದು ಹಣೆ ಹೋಗಿ ಬರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ, ಹತ್ತು ನಿಮಿಷದ ಮಟ್ಟಿಗೆ. ಹಣೆ ಐದು ವರ್ಷದ ಮುಕ್ತಾಳದು. ಅದನ್ನು ಮುಟ್ಟುತ್ತಿದ್ದವಳು ಅವಳ ತಾಯಿ ನೀಲಾಂಬಿಕಾ. ಇಬ್ಬರ ನಡುವೆ ಒಂದು ಸಾಗರವಿತ್ತು, ಹಡಗು ಬರಲಾಗದಂತೆ ಹೆಪ್ಪುಗಟ್ಟಿದ ಇನ್ನೊಂದು ಸಾಗರವಿತ್ತು.

ದನಿಯನ್ನು ದೂರಕ್ಕೆ ಕಳಿಸುವುದು ಹಳೆಯ ಮಾತು. ಚಿತ್ರ ಕಳಿಸುವುದೂ ಹಳೆಯದೇ. ಹಾಗಾದರೆ ಮುಟ್ಟುವುದನ್ನೂ ಕಳಿಸಬಾರದೇಕೆ ಎಂದು ಯಾರೋ ಕೇಳಿದರು, ಇನ್ಯಾರೋ ಮಾಡಿ ತೋರಿಸಿದರು. ಮಗುವಿನ ಹಣೆಗೆ ಎರಡು ಬೆರಳಗಲದ ಮೆತ್ತನೆಯ ಪಟ್ಟಿ. ಅದರೊಳಗೆ ಕೂದಲಿಗಿಂತ ತೆಳುವಾದ ಎಳೆಗಳು ಶಾಖವನ್ನೂ ಒತ್ತಡವನ್ನೂ ಹಣೆಯ ಪಕ್ಕದಲ್ಲಿ ಮಿಡಿಯುವ ನಾಡಿಯನ್ನೂ ಅಳೆಯುತ್ತವೆ. ಉಪಗ್ರಹದ ಮೂಲಕ ಆ ಅಳತೆಗಳು ತಾಯಿಯ ಕೈಗವಸಿಗೆ ಬರುತ್ತವೆ. ಕೈಗವಸಿನ ಒಳಗಿನ ಸಣ್ಣ ಬಿಲ್ಲೆಗಳು ಅಷ್ಟೇ ಬಿಸಿಯಾಗುತ್ತವೆ, ಅಷ್ಟೇ ತಣ್ಣಗಾಗುತ್ತವೆ. ಗಾಳಿಯ ಗುಳ್ಳೆಗಳು ಉಬ್ಬಿ ಕೈಯೊಳಗೆ ಒಂದು ಹಣೆಯನ್ನು ಮಾಡಿಕೊಡುತ್ತವೆ. ತಾಯಿ ಸವರಿದ್ದು ಅದೇ ದಾರಿಯಲ್ಲಿ ಮಗುವಿನ ಹಣೆಗೆ ಮರಳುತ್ತದೆ. ಆ ಉಪಗ್ರಹದಲ್ಲಿ ಚಿತ್ರಕ್ಕೆ ಜಾಗವಿರಲಿಲ್ಲ. ದನಿ ಮತ್ತು ಸ್ಪರ್ಶ, ಅಷ್ಟೇ.

ನೀಲಾಂಬಿಕಾ ಅಲ್ಲಿಗೆ ಹೋಗಿದ್ದು ಹಿಮದ ಉಷ್ಣತೆ ಅಳೆಯಲು. ನೆಲದಾಳಕ್ಕೆ ಕೊರೆದ ಕೊಳವೆಯೊಳಗೆ ತಂತಿ ಇಳಿಬಿಟ್ಟು, ಲಕ್ಷ ವರ್ಷದ ಹಿಂದಿನ ಹಿಮ ಇವತ್ತು ಎಷ್ಟು ಬೆಚ್ಚಗಾಗಿದೆ ಎಂದು ಡಿಗ್ರಿಯ ಸಾವಿರದೊಂದು ಭಾಗದವರೆಗೆ ಹೇಳಬಲ್ಲವಳು. ಅಂಥವಳಿಗೆ ತನ್ನ ಮಗಳ ಮೈ ಬಿಸಿಯೋ ತಂಪೋ ತಿಳಿಯಲು ಒಂದು ಕೈಗವಸು ಬೇಕಾಯಿತು. ಈ ಮಾತನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಸೂರ್ಯ ಮುಖ ತೋರಿಸದೆ ವಾರಗಳು ಕಳೆದಿದ್ದವು. ಮಧ್ಯಾಹ್ನವೂ ಕಿಟಕಿಯ ಆಚೆ ಮಸಿ ಬಳಿದಂತಿರುತ್ತಿತ್ತು. ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತು ಮಂದಿಯಿದ್ದರೂ ಒಬ್ಬೊಬ್ಬರೂ ತಮ್ಮ ತಮ್ಮ ಹತ್ತು ನಿಮಿಷಕ್ಕಾಗಿ ಬದುಕುತ್ತಿದ್ದರು. ಆ ಸಮಯ ಮುಗಿದವರ ಮುಖ ನೋಡಿದರೆ ಸಾಕು, ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಹತ್ತು ನಿಮಿಷಕ್ಕೆ ಒಂದೇ ಒಂದು ವಿನಾಯಿತಿ ಇತ್ತು. ಮನೆಯ ಮಗುವಿಗೆ ಜ್ವರ ಬಂದು ಪಟ್ಟಿ ನೂರು ಡಿಗ್ರಿ ದಾಟಿದರೆ ಸಂಪರ್ಕ ತಾನಾಗಿಯೇ ತೆರೆದುಕೊಳ್ಳುತ್ತಿತ್ತು, ಜ್ವರ ಇಳಿಯುವವರೆಗೆ ಮುಚ್ಚುತ್ತಿರಲಿಲ್ಲ. ನಿಯಮ ಮಾಡಿದವರು ಕರುಣೆಯಿಂದಲೇ ಮಾಡಿದ್ದರು. ಐದು ವರ್ಷದವರ ಬುದ್ಧಿ ಎಷ್ಟು ಚುರುಕು ಎಂಬುದು ಮಾತ್ರ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಮುಕ್ತಾ ಇದ್ದದ್ದು ಗದಗಿನಲ್ಲಿ, ಅಪ್ಪನ ತಾಯಿ, ಅವಳು ಆಯಿ ಎಂದು ಕರೆಯುವ ಬಸಲಿಂಗವ್ವನ ಹತ್ತಿರ. ಮನೆಯ ಮುಂದಿನ ಅರ್ಧ ಬಸಲಿಂಗವ್ವನ ರೊಟ್ಟಿ ಕೇಂದ್ರ, ಹಿಂದಿನ ಅರ್ಧ ವಾಸಕ್ಕೆ. ಅಪ್ಪ ಫಕೀರೇಶನಿಗೆ ಗುಡ್ಡದ ಮೇಲಿನ ಗಾಳಿಯಂತ್ರಗಳ ದುರಸ್ತಿ ಕೆಲಸ; ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಬಸಲಿಂಗವ್ವ ನಲವತ್ತು ವರ್ಷ ಹಂಚಿನ ಮೇಲೆ ರೊಟ್ಟಿ ತಿರುವಿದವಳು. ಅವಳ ಅಂಗೈಗೆ ಬಿಸಿ ಎನ್ನುವುದು ಹತ್ತುತ್ತಲೇ ಇರಲಿಲ್ಲ. ಯಾವ ಮಗುವಿನ ಹಣೆ ಮುಟ್ಟಿದರೂ ಅವಳಿಗೆ ತಂಪೇ. ಅದಕ್ಕೇ ನೀಲಾಂಬಿಕಾ ಹೊರಡುವ ಮುಂಚೆ ಕೈ ಹಿಡಿದು ಹೇಳಿದ್ದಳು.

"ಅತ್ತಿ, ಪಟ್ಟಿ ಮಾತ್ರ ತಗೀಬ್ಯಾಡ್ರಿ. ಜಳಕಕ್ಕ ತಗೀರಿ, ಮತ್ತ ಕಟ್ಟರಿ."

"ನಿನ್ನ ಗಂಡನ್ನ ಯಾವ ಪಟ್ಟಿ ಕಟ್ಟಿ ಬೆಳಸೀನವಾ ನಾ?" ಎಂದಿದ್ದಳು ಬಸಲಿಂಗವ್ವ. ಆದರೂ ಕಟ್ಟುವುದನ್ನು ಒಂದು ದಿನವೂ ಮರೆಯಲಿಲ್ಲ.

ಎರಡನೆಯ ತಿಂಗಳಲ್ಲಿ ಮುಕ್ತಾಳಿಗೆ ನಿಜವಾಗಿ ನೆಗಡಿ ಜ್ವರ ಬಂತು. ಸಂಪರ್ಕ ತೆರೆಯಿತು. ಆ ಮಧ್ಯಾಹ್ನವೆಲ್ಲ ನೀಲಾಂಬಿಕಾ ಕೈಗವಸು ತೆಗೆಯಲಿಲ್ಲ. ಇರುವೆಯ ಕಥೆ ಹೇಳಿದಳು, ಅದು ಮುಗಿದ ಮೇಲೆ ಇರುವೆಯ ಮಗಳ ಕಥೆ ಹೇಳಿದಳು. ಹಣೆ ಸವರುತ್ತ ಸವರುತ್ತ ಸಂಜೆಯಾಯಿತು. ಮುಕ್ತಾಳಿಗೆ ಅಂಥ ಒಳ್ಳೆಯ ದಿನ ಅಮ್ಮ ಹೋದಾಗಿನಿಂದ ಬಂದಿರಲಿಲ್ಲ.

ಅದಾದ ಮೇಲೆ ಜ್ವರ ವಾರಕ್ಕೆರಡು ಸಲ ಬರತೊಡಗಿತು. ಬಂದರೆ ಮಧ್ಯಾಹ್ನ, ಅದೂ ರೊಟ್ಟಿ ಬೇಯುವ ಹೊತ್ತಿಗೆ.

ಹಿಮದ ಮೇಲಿನ ಕೇಂದ್ರದ ಸಂಪರ್ಕ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದವರು ಡಾಕ್ಟರ್ ಐವನ್ ಲೋಬೋ. ಮಂಗಳೂರಿನವರು, ಕೇಂದ್ರಕ್ಕೆ ವೈದ್ಯರೂ ಅವರೇ. ಮದುವೆಯಾಗಿರಲಿಲ್ಲ, ತಂದೆ ತಾಯಿ ತೀರಿಹೋಗಿದ್ದರು. ಉಳಿದವರು ತಮ್ಮ ಸರದಿಗಾಗಿ ಬಾಗಿಲಲ್ಲಿ ಕಾಯುವಾಗ ಅವರು ಒಳಗೆ ಕುಳಿತು ಪರದೆ ನೋಡುತ್ತಿದ್ದರು. ಒಂದು ದಿನ ನೀಲಾಂಬಿಕಾಳನ್ನು ಕರೆದು ಕೂರಿಸಿಕೊಂಡರು.

"ಮೇಡಂ, ನೀವು ಬೇಜಾರು ಮಾಡ್ಬೇಡಿ. ನಿಮ್ಮ ಮಗಳ ಜ್ವರ ನೋಡಿ, ಗರಗಸದ ಹಲ್ಲಿನ ಹಾಗೆ ಉಂಟು. ಒಂದು ನಿಮಿಷದಲ್ಲಿ ಸರ್‍ರಂತ ಏರ್ತದೆ, ಮತ್ತೆ ಮೆಲ್ಲ ಇಳೀತದೆ, ಪುನಃ ಏರ್ತದೆ. ಮನುಷ್ಯರ ಜ್ವರ ಹೀಗೆ ಬರುವುದಿಲ್ಲ."

"ಮತ್ತ ಯಾರ ಜ್ವರ ಇದು?"

"ಅದನ್ನು ನೀವೇ ಹೇಳ್ಬೇಕು. ಮನೆಯಲ್ಲಿ ಬಿಸಿ ಬಿಸಿ ಎಂತ ಇರ್ತದೆ?"

ನೀಲಾಂಬಿಕಾ ಗೆರೆಯನ್ನೇ ನೋಡುತ್ತ ಕುಳಿತಳು. ಆಮೇಲೆ ಅವಳ ಕಣ್ಣಿಗೆ ಬಂದದ್ದು ಬಿದಿರಿನ ಬುಟ್ಟಿ. ಹಂಚಿನಿಂದ ತೆಗೆದ ರೊಟ್ಟಿಯನ್ನು ಅತ್ತೆ ಅದರಲ್ಲಿ ಒಂದರ ಮೇಲೊಂದು ಹಾಕಿ ಅರಿವೆ ಮುಚ್ಚಿಡುತ್ತಿದ್ದಳು. ಮುಕ್ತಾ ಪಟ್ಟಿ ಬಿಚ್ಚಿ ಅರಿವೆಯ ಕೆಳಗೆ ತುರುಕುತ್ತಿದ್ದಳು, ಕಾದ ಮೇಲೆ ಹಣೆಗೆ ಕಟ್ಟಿಕೊಳ್ಳುತ್ತಿದ್ದಳು. ಆರಿದರೆ ಮತ್ತೆ ಬುಟ್ಟಿಗೆ. ಸಂಜೆ ಫಕೀರೇಶ ಕೇಳಿದಾಗ ಮಗಳು ಅಳದೆ, ಅಂಜದೆ ಎಲ್ಲವನ್ನೂ ಮಾಡಿ ತೋರಿಸಿದಳಂತೆ.

ನೀಲಾಂಬಿಕಾ ಮೊದಲು ನಕ್ಕಳು. ಇಷ್ಟು ದಿನ ತಾನು ಸವರಿ ಸವರಿ ಸಮಾಧಾನ ಮಾಡಿದ್ದು ಜೋಳದ ರೊಟ್ಟಿಯ ಕಾವನ್ನು ಎಂದು ಲೋಬೋ ಅವರಿಗೂ ಹೇಳಿ ನಗಿಸಿದಳು. ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅಷ್ಟು ಅತ್ತದ್ದು ಆ ಚಳಿಗಾಲದಲ್ಲಿ ಅದೇ ಮೊದಲು.

ಸುಳ್ಳು ಜ್ವರಕ್ಕೆ ಸಂಪರ್ಕ ತೆರೆದದ್ದು ಮುಖ್ಯ ಕಚೇರಿಗೂ ತಿಳಿಯಿತು. ಇನ್ನೊಮ್ಮೆ ಹೀಗಾದರೆ ಆ ಮನೆಯ ಪಟ್ಟಿಯನ್ನೇ ನಿಲ್ಲಿಸುತ್ತೇವೆ ಎಂದು ಅಲ್ಲಿಂದ ಮಾತು ಬಂತು. ಆ ಹತ್ತು ನಿಮಿಷವೂ ಕೈತಪ್ಪಿದರೆ ತಾನಿಲ್ಲಿ ಉಳಿಯಲಾರೆ ಎಂದು ನೀಲಾಂಬಿಕಾಳಿಗೆ ಗೊತ್ತಿತ್ತು. ಹಾಗೆಂದು ಹೊರಟುಹೋಗಲೂ ದಾರಿ ಇರಲಿಲ್ಲ. ಮರುದಿನ ಮಗಳೊಂದಿಗೆ ಮಾತಿಗೆ ಕುಳಿತಾಗ, ಎಲ್ಲ ತಾಯಂದಿರೂ ಒಂದಲ್ಲ ಒಂದು ಸಲ ಹೇಳುವಂಥ ಒಂದು ಮಾತು ಹೇಳಿದಳು.

"ಮುಕ್ತೀ, ಇನ್ನ ಮ್ಯಾಲ ಜ್ವರ ಬರಬಾರದು ನೋಡು. ಜ್ವರ ಬರಲಿಲ್ಲಂದ್ರ ನಾ ಮೊದಲನೇ ಹಡಗಕ್ಕ ಬಂದ ಬಿಡ್ತೀನಿ."

"ಜ್ವರ ಬಂದ್ರ?"

"ಬಂದ್ರ ಹೆಂಗ ಬರ್ಲಿ? ಜ್ವರ ಬಂದ ಮಕ್ಕಳ ಮನಿಗೆ ಹಡಗ ಬರೂದಿಲ್ಲ."

ಅವಳು ಹೇಗಿದ್ದರೂ ಮೊದಲನೆಯ ಹಡಗಿಗೆ ಬರುವವಳೇ ಇದ್ದಳು. ಮಗುವನ್ನು ಒಂದಿಷ್ಟು ಹದ್ದುಬಸ್ತಿನಲ್ಲಿಡಲು ಆಡಿದ ಮಾತು. ಆಡಿದವಳು ಸಂಜೆಗೆ ಮರೆತಳು.

ಮುಕ್ತಾ ಮರೆಯಲಿಲ್ಲ. ಅಂದಿನಿಂದ ರೊಟ್ಟಿ ಬುಟ್ಟಿಯ ಹತ್ತಿರ ಸುಳಿಯಲಿಲ್ಲ. ಬಿಸಿಲಲ್ಲಿ ಆಡಲು ಹೋಗಲಿಲ್ಲ, ಮೈ ಕಾದೀತೆಂದು. ಓಣಿಯ ಹುಡುಗಿಯರು ಕರೆದರೆ, ನಮ್ಮವ್ವ ಹಡಗದಾಗ ಬರಾಕತ್ತಾಳ, ನಾ ನೆರಳಾಗ ಇರಬೇಕು ಎಂದಳು. ಬಸಲಿಂಗವ್ವನಿಗೆ ಹುಡುಗಿ ಶಾಣ್ಯಾ ಆಗಿದ್ದಾಳೆ ಎನಿಸಿತು. ಕೇಂದ್ರದಲ್ಲಿ ಗರಗಸದ ಗೆರೆ ಮಾಯವಾಗಿ ನೆಟ್ಟಗಿನ ಗೆರೆ ಬಂತು. ದಿನದ ಹತ್ತು ನಿಮಿಷ ಮಾತ್ರ ಉಳಿಯಿತು. ಆ ಹತ್ತು ನಿಮಿಷದಲ್ಲಿ ನೀಲಾಂಬಿಕಾ ಹೆಚ್ಚು ಮಾತಾಡುತ್ತಿರಲಿಲ್ಲ. ಹೆಬ್ಬೆರಳನ್ನು ಮಗಳ ಹಣೆಯ ಪಕ್ಕ, ನಾಡಿ ಮಿಡಿಯುವ ಜಾಗದಲ್ಲಿಟ್ಟು ಸುಮ್ಮನೆ ಇರುತ್ತಿದ್ದಳು. ಹಕ್ಕಿಮರಿಯ ಎದೆಯಂತೆ ಟಕಟಕ ಎನ್ನುತ್ತಿತ್ತು ಅದು. ಹಿಮದ ಮೇಲಿನ ಆ ಕತ್ತಲಲ್ಲಿ ಅವಳಿಗೆ ಬೇಕಿದ್ದದ್ದು ಅದೊಂದೇ.

ಒಂದು ಮಂಗಳವಾರ ಕೈಗವಸು ಹಾಕಿಕೊಂಡಾಗ ಹಣೆ ತಣ್ಣಗಿತ್ತು. ಎಷ್ಟು ತಣ್ಣಗೆಂದರೆ ಮೊದಲು ಅವಳಿಗೆ ಹಾಯೆನಿಸಿತು.

"ಊಟಾ ಆತೇನ, ಮುಕ್ತೀ?"

"ಹೂಂ."

"ಏನ ಊಟಾ ಮಾಡಿದಿ?"

"ರೊಟ್ಟಿ."

"ರೊಟ್ಟಿ ಜೋಡಿ?"

ಉಸಿರು ಮಾತ್ರ ಕೇಳುತ್ತಿತ್ತು, ಸ್ವಲ್ಪ ಜೋರಾಗಿ. ನೀಲಾಂಬಿಕಾ ಅಭ್ಯಾಸದಂತೆ ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿ ನಾಡಿ ಹುಡುಕಿದಳು. ಸಿಗಲಿಲ್ಲ. ಇನ್ನೂ ಸ್ವಲ್ಪ ಒತ್ತಿದಳು. ಗುಂಡಗೆ, ಗಟ್ಟಿಯಾಗಿ, ತಣ್ಣಗೆ ಏನೋ ಇತ್ತು. ಅದರಲ್ಲಿ ಜೀವದ ಸದ್ದಿರಲಿಲ್ಲ.

"ಡಾಕ್ಟರೇ, ನಾಡಿ ಬರ್ತಾ ಇಲ್ಲ."

ಲೋಬೋ ಪರದೆಯತ್ತ ಬಾಗಿದರು. "ಪಟ್ಟಿ ಸಡಿಲ ಅಂತ ತೋರಿಸ್ತಾ ಉಂಟು. ಬೆಳಿಗ್ಗೆಯಿಂದ ಹಾಗೇ. ಜ್ವರ ಏರಿದರೆ ಮಾತ್ರ ಅಲ್ವಾ ಯಂತ್ರ ಬೊಬ್ಬೆ ಹಾಕುವುದು, ತಣ್ಣಗಾದರೆ ಸುಮ್ಮನಿರ್ತದೆ."

ತಾನು ದಿನವೂ ಅಳೆಯುವುದು ತಣ್ಣನೆಯ ವಸ್ತುವನ್ನೇ. ಇಷ್ಟು ತಂಪು, ಇಷ್ಟು ಹೊತ್ತು, ಏರಿಳಿತವೇ ಇಲ್ಲದೆ. ಇದು ಮೈಯ ತಂಪಲ್ಲ, ನೀರಿನ ತಂಪು ಎಂದು ನೀಲಾಂಬಿಕಾಳಿಗೆ ಹೊಳೆಯಿತು. ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಅರಿವೆ ಸುತ್ತಿ, ಕುಡಿಯುವ ನೀರು ತುಂಬಿಟ್ಟ ಮಣ್ಣಿನ ಹರವಿ ಇತ್ತು. ಬೇಸಿಗೆಯಲ್ಲಿ ಮುಕ್ತಾ ಅದಕ್ಕೆ ಹೊಟ್ಟೆ ಹಚ್ಚಿ ನಿಲ್ಲುತ್ತಿದ್ದದ್ದು ಅವಳಿಗೆ ನೆನಪಾಯಿತು.

"ಮುಕ್ತೀ, ಪಟ್ಟಿ ಎಲ್ಲೈತಿ?"

"ಹಣಿ ಮ್ಯಾಲ ಐತಿ."

"ಖರೇ ಹೇಳವಾ. ಹರವಿಗೆ ಕಟ್ಟೀಯೇನು?"

"ಹೂಂ."

"ಬಿಚ್ಚು. ಹಣಿಗೆ ಕಟ್ಟಗೋ, ನನ್ನ ಬಂಗಾರ."

"ಬ್ಯಾಡವಾ. ಕಟ್ಟಗೊಂಡ್ರ ನೀ ಬರೂದಿಲ್ಲ."

ನೀಲಾಂಬಿಕಾಳಿಗೆ ಅರ್ಥವಾಯಿತು. ತನ್ನ ಮಾತು ಆ ಹರವಿಯ ಪಕ್ಕದಲ್ಲಿ ಕುಳಿತು ತನಗೇ ತಿರುಗಿ ಉತ್ತರ ಕೊಡುತ್ತಿತ್ತು. ಸುಳ್ಳು ಹೇಳಿದ್ದು ತಾನು, ಅದನ್ನು ಪಾಲಿಸಿದ್ದು ಮಗಳು. ಎಂದಿನಿಂದ ಮೈ ಸುಡುತ್ತಿದೆಯೋ, ಎಂದಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಾಳೋ ಯಾರಿಗೆ ಗೊತ್ತು.

"ಬರ್ತೀನವಾ. ಜ್ವರ ಬಂದ್ರೂ ಬರ್ತೀನಿ. ನಾ ಸುಳ್ಳ ಹೇಳಿದ್ನಿ. ಆಯೀನ ಕರಿ, ಲಗೂನ ಕರಿ."

"ಆಯಿ ಹೊರಗ ಅದಾಳ. ನನಗ ಏಳಾಕ ಆಗವಲ್ದು..."

ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು. ಕೈಗವಸಿನೊಳಗಿನ ಗುಳ್ಳೆಗಳು ಕುಸಿದವು. ಅವಳ ಕೈಯಲ್ಲಿ ಏನೂ ಉಳಿಯಲಿಲ್ಲ.

ನಿಯಮ ಯಂತ್ರಕ್ಕೆ ಗೊತ್ತು, ಯಂತ್ರಕ್ಕೆ ಗೊತ್ತಿರುವುದು ಅಷ್ಟೇ. ಪಟ್ಟಿ ತಂಪಾಗಿದ್ದ ಮೇಲೆ ಜ್ವರವಿಲ್ಲ, ಜ್ವರವಿಲ್ಲದ ಮೇಲೆ ಸಂಪರ್ಕವಿಲ್ಲ. ಮುಂದಿನ ಸರದಿ ನಾಳೆ. ನೀಲಾಂಬಿಕಾ ಕುರ್ಚಿ ಬಿಟ್ಟು ಎದ್ದವಳು ಎಲ್ಲಿಗೆ ಹೋಗುವುದೆಂದು ತಿಳಿಯದೆ ಅಲ್ಲೇ ನಿಂತಳು. ಸಾವಿರಾರು ಮೈಲಿ ದೂರದಲ್ಲಿ ಮಗಳಿಂದ ಹತ್ತು ಹೆಜ್ಜೆಗೆ ಒಬ್ಬ ಅಜ್ಜಿ ರೊಟ್ಟಿ ಬಡಿಯುತ್ತಿದ್ದಾಳೆ, ಅವಳಿಗೆ ಒಂದು ಮಾತು ಹೇಳುವವರಿಲ್ಲ.

"ಕೂತ್ಕೊಳ್ಳಿ," ಎಂದರು ಲೋಬೋ. ಅವರ ಬೆರಳು ಆಗಲೇ ಕೀಲಿಗಳ ಮೇಲಿತ್ತು. "ನನ್ನದು ಹತ್ತು ನಿಮಿಷ ಉಂಟಲ್ಲ ಮಾರಾಯ್ರೆ. ನಾನು ಬಂದಾಗಿನಿಂದ ಒಂದು ದಿನವೂ ಮುಟ್ಟಲಿಲ್ಲ. ಯಾರಿಗೆ ಅಂತ ಮಾಡುವುದು? ಅದರಲ್ಲಿ ಊರಿನ ಫೋನಿಗೂ ಮಾತಾಡ್ಲಿಕ್ಕೆ ಆಗ್ತದೆ, ನಂಬರ್ ಹೇಳಿ."

ರೊಟ್ಟಿ ಕೇಂದ್ರದ ಫೋನ್ ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಬಸಲಿಂಗವ್ವನ ದನಿ ಬಂತು, ಹಿಂದೆಯೇ ಗಿರಾಕಿಗಳ ಗದ್ದಲ.

"ಎಷ್ಟ ರೊಟ್ಟಿ ಬೇಕ್ರಿ?"

"ಅತ್ತಿ, ನಾ ನೀಲಾ. ಮುಕ್ತಾಗ ಜ್ವರ ಬಂದಾವ. ಒಳಗ ಹೋಗಿ ನೋಡ್ರಿ."

"ಮುಂಜಾನೆ ಹಣಿ ಮುಟ್ಟಿ ನೋಡೀನವಾ, ತಂಪ ಐತಿ. ಹರವಿ ಕಡೆ ಕುಂತಾಳ, ಸ್ಯಾಕಿ ಅಂತ."

"ನಿಮ್ಮ ಕೈ ಬ್ಯಾಡ್ರಿ ಅತ್ತಿ. ಗಲ್ಲ ಹಚ್ಚಿ ನೋಡ್ರಿ. ನಿಮ್ಮ ಗಲ್ಲ, ಅಕೀ ಹಣಿಗೆ."

ಬಸಲಿಂಗವ್ವ ಫೋನ್ ಹಿಡಿದೇ ಒಳಗೆ ನಡೆದಳು. ಹೆಜ್ಜೆಯ ಸಪ್ಪಳ ಕೇಳಿತು, ಬಳೆಯ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಲೋಬೋ ಪರದೆ ನೋಡುವುದನ್ನು ಬಿಟ್ಟು ನೀಲಾಂಬಿಕಾಳ ಮುಖ ನೋಡುತ್ತಿದ್ದರು.

"ಯವ್ವಾ, ಕೂಸು ಸುಡಾಕತ್ತೈತಿ," ಎಂದಳು ಬಸಲಿಂಗವ್ವ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಸೊಸೆ ಎಂದೂ ಕೇಳಿರಲಿಲ್ಲ. "ನನ್ನ ಕೈಗೆ ಬೆಂಕಿ ಹಚ್ಚಲಿ, ನಂಗ ತಿಳೀಲೇ ಇಲ್ಲ."

ಅಷ್ಟು ಹೇಳಿ ಫೋನನ್ನು ಅಲ್ಲೇ ಬಿಟ್ಟಳು. ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಓಡಿದ್ದು, ರಿಕ್ಷಾ ಕೂಗಿದ್ದು, ಹಂಚಿನ ಮೇಲೆ ಯಾರೂ ತಿರುವದೆ ಬಿಟ್ಟ ರೊಟ್ಟಿ ಸೀಯುತ್ತಿದೆ ಎಂದು ಗಿರಾಕಿಯೊಬ್ಬ ಗೊಣಗಿದ್ದು, ಎಲ್ಲವೂ ನೀಲಾಂಬಿಕಾಳಿಗೆ ಕೇಳಿಸಿತು. ಉಳಿದ ನಿಮಿಷಗಳು ಖಾಲಿ ಮನೆಯ ಸದ್ದಿನಲ್ಲೇ ಕಳೆದವು. ಅವಳು ಕಿವಿಯಿಂದ ಫೋನ್ ತೆಗೆಯಲಿಲ್ಲ.

ಡೆಂಗ್ಯೂ ಎಂದರು ಆಸ್ಪತ್ರೆಯಲ್ಲಿ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದೂ ಅಂದರು. ಫಕೀರೇಶ ಗಾಳಿಯಂತ್ರದಿಂದ ಇಳಿದವನು ಕೆಲಸದ ಬಟ್ಟೆಯಲ್ಲೇ ಬಂದು ಮಗಳ ಮಂಚದ ಪಕ್ಕ ಕುಳಿತ. ಪಟ್ಟಿಯನ್ನು ಹರವಿಯಿಂದ ಬಿಚ್ಚಿ ತಂದು ಅವಳ ಹಣೆಗೆ ಕಟ್ಟಿದ. ಕಟ್ಟಿದ ಕ್ಷಣವೇ ದಕ್ಷಿಣ ಧ್ರುವದಲ್ಲಿ ಯಂತ್ರ ಬೊಬ್ಬೆ ಹಾಕಿತು, ಸಂಪರ್ಕ ತೆರೆಯಿತು, ನೀಲಾಂಬಿಕಾಳ ಕೈಯೊಳಗೆ ಮಗಳ ಹಣೆ ಕೆಂಡದಂತೆ ಬಂದು ಕುಳಿತಿತು. ಪಕ್ಕದಲ್ಲಿ ನಾಡಿ ಮಿಡಿಯುತ್ತಿತ್ತು. ಸುಟ್ಟರೂ ಸರಿ, ಅವಳು ಕೈ ತೆಗೆಯಲಿಲ್ಲ.

ಜ್ವರ ಇಳಿಯಲು ಐದು ದಿನ ಹಿಡಿಯಿತು. ಇಳಿದ ದಿನ ಸಂಪರ್ಕ ಮುಚ್ಚಿತು. ಅದಕ್ಕೆ ಸಂತೋಷಪಡಬೇಕಾದವಳು ಅವಳೇ. ಪಟ್ಟಳು ಕೂಡ. ಆದರೂ ಖಾಲಿ ಕೈಗವಸು ಹಿಡಿದುಕೊಂಡು ಸಂಪರ್ಕ ಕೊಠಡಿಯಲ್ಲಿ ಬಹಳ ಹೊತ್ತು ಕುಳಿತಿದ್ದಳು. ಲೋಬೋ ಎರಡು ಲೋಟ ಚಹಾ ತಂದು ಒಂದನ್ನು ಅವಳ ಮುಂದಿಟ್ಟು, ಇನ್ನೊಂದನ್ನು ತಾವು ಹಿಡಿದು ಕುಳಿತರು.

ಮುಂದಿನ ತಿಂಗಳುಗಳಲ್ಲಿ ಬಸಲಿಂಗವ್ವ ದಿನಕ್ಕೆ ಮೂರು ಸಲ ಹಿಟ್ಟಿನ ಕೈ ಹಿಂದೆ ಕಟ್ಟಿಕೊಂಡು ಬಾಗಿ ಮೊಮ್ಮಗಳ ಹಣೆಗೆ ಕೆನ್ನೆ ಹಚ್ಚುತ್ತಿದ್ದಳು. ಮುಖ್ಯ ಕಚೇರಿಯವರು ಪಟ್ಟಿ ತಣ್ಣಗಾದರೂ ಬೊಬ್ಬೆ ಹಾಕುವಂತೆ ಯಂತ್ರಕ್ಕೆ ಕಲಿಸಿದರು. ಮುಕ್ತಾ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಆದರೆ ಮುಂಚಿನಂತೆ ಇರುವೆಯ ಕಥೆ ಕೇಳಲಿಲ್ಲ, ಅಮ್ಮ ಯಾವಾಗ ಬರುತ್ತಾಳೆಂದೂ ಕೇಳಲಿಲ್ಲ. ಅದು ನೀಲಾಂಬಿಕಾಳಿಗೆ ಜ್ವರಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಸೂರ್ಯ ಮರಳಿದ. ಹಿಮ ಒಡೆಯಿತು. ಮೊದಲನೆಯ ಹಡಗು ಬಂತು, ಅದರಲ್ಲಿ ನೀಲಾಂಬಿಕಾ ಹೊರಟಳು. ಲೋಬೋ ಇನ್ನೊಂದು ಚಳಿಗಾಲಕ್ಕೆ ಅಲ್ಲೇ ಉಳಿದರು. ದಿನದ ಹತ್ತು ನಿಮಿಷದಲ್ಲಿ ಒಮ್ಮೊಮ್ಮೆ ಗದಗಿಗೆ ಫೋನ್ ಮಾಡಿ ಎಂದು ಅವಳು ಹೇಳಿದಾಗ, "ಎಷ್ಟು ರೊಟ್ಟಿ ಬೇಕು ಅಂತ ಕೇಳ್ತಾರಲ್ಲ ಅವರು," ಎಂದು ನಕ್ಕರು.

ಗದಗಿನ ಮನೆಗೆ ಅವಳು ಬಂದಿಳಿದಾಗ ಹಂಚು ಕಾದಿತ್ತು, ಬುಟ್ಟಿಯಿಂದ ಹಬೆ ಬರುತ್ತಿತ್ತು. ಮುಕ್ತಾ ಹೊಸ್ತಿಲಲ್ಲಿ ನಿಂತಿದ್ದಳು, ಒಂದು ಗೇಣು ಎತ್ತರವಾಗಿದ್ದಳು. ನೀಲಾಂಬಿಕಾ ಚೀಲ ಕೆಳಗಿಟ್ಟು ಕೈ ಚಾಚಿದಳು. ಮಗಳು ಓಡಿಬರಲಿಲ್ಲ. ತಿರುಗಿ ಒಳಗೆ ಓಡಿದಳು.

ಮರಳಿ ಬಂದಾಗ ಅವಳ ಹಣೆಗೆ ಪಟ್ಟಿ ಕಟ್ಟಿತ್ತು. ಅವಸರದಲ್ಲಿ ಸೊಟ್ಟಗೆ ಕಟ್ಟಿಕೊಂಡಿದ್ದಳು. ತಾಯಿಯಿಂದ ಎರಡು ಮಾರು ದೂರದಲ್ಲಿ ನಿಂತು ಕಣ್ಣು ಮುಚ್ಚಿದಳು, ದಿನವೂ ಮಧ್ಯಾಹ್ನ ನಿಲ್ಲುತ್ತಿದ್ದ ಹಾಗೆ.

"ಹೂಂ, ಮುಟ್ಟವಾ," ಎಂದಳು.

ಬಸಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೀಲಾಂಬಿಕಾ ಹತ್ತಿರ ಹೋಗಿ ಮೊಣಕಾಲೂರಿ ಕುಳಿತಳು. ಪಟ್ಟಿಯ ಗಂಟು ಬಿಚ್ಚಿ ಕೆಳಗಿಟ್ಟಳು. ಪ್ರಯಾಣದ ದಣಿವಿನಲ್ಲಿ ತನ್ನ ಕೈ ಬಿಸಿಯೋ ತಣ್ಣಗೋ ಅವಳಿಗೆ ತಿಳಿಯಲಿಲ್ಲ. ಕೆನ್ನೆಯನ್ನು ಮಗಳ ಹಣೆಗೆ ಹಚ್ಚಿದಳು. ಹಣೆ ಸರಿಯಾಗಿತ್ತು, ಬೆವರಿನಿಂದ ಸ್ವಲ್ಪ ಉಪ್ಪುಪ್ಪಾಗಿತ್ತು, ಪಕ್ಕದಲ್ಲಿ ನಾಡಿ ಟಕಟಕ ಎನ್ನುತ್ತಿತ್ತು.

ಮುಕ್ತಾ ಕಣ್ಣು ತೆರೆಯದೆಯೇ ಕೇಳಿದಳು. "ಜ್ವರ ಅದಾವೇನು?"

"ಇಲ್ಲವಾ. ಏನೂ ಇಲ್ಲ."

ಮಗಳ ಮುಖ ಸಣ್ಣದಾಯಿತು.

"ಹಂಗಾರ ನೀ ಎಷ್ಟ ಹೊತ್ತ ಇರ್ತಿ?"

ನೀಲಾಂಬಿಕಾ ಕೆನ್ನೆಯನ್ನು ತೆಗೆಯದೆ ಹಾಗೆಯೇ ಕುಳಿತಿದ್ದಳು.